ಮೊದಲ ಗಾಡಿ ಮೌಝಾಳದು

ಮೌಝಾ ಹುಟ್ಟಿದ್ದು ಬನ್ನಿ ಮರದ ನೆರಳಿನಲ್ಲಿ, ಗಾಡಿ ಕಲಿತದ್ದು ಬಾವಿಯ ದಾರಿಯಲ್ಲಿ. ಗಂಡ ಸುಹೈಲ್ ಎರಡು ಒಂಟೆ ಮಾರಿ ಹಳೇ ಪಿಕಪ್ಪೊಂದನ್ನು ತಂದಿದ್ದ. ಅದರಲ್ಲಿ ನೀರಿನ ಪೀಪಾಯಿಗಳನ್ನು ಬಿಡಾರಕ್ಕೆ ಸಾಗಿಸುವುದು ಅವಳ ಪಾಲಿನ ಕೆಲಸ. ಕಾಲು ಪೆಡಲಿಗೆ ಎಟುಕದೆ ಬೆನ್ನ ಹಿಂದೆ ಗೋಣಿಚೀಲ ಒಟ್ಟಿಕೊಂಡು ಕೂರುತ್ತಿದ್ದಳು. ವಹೀಬಾ ಮರಳುಗಾಡಿನ ಹೆಂಗಸರು ಗಾಡಿ ಓಡಿಸುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಮಸ್ಕತ್ತಿನಿಂದ ಬಂದವರು ಮಾತ್ರ ಕಪ್ಪು ಮುಖವಾಡ ತೊಟ್ಟ ಹೆಂಗಸು ದಿಬ್ಬ ಹತ್ತಿಸುವುದನ್ನು ಕಂಡು ಫೋನು ಎತ್ತಿ ಹಿಡಿಯುತ್ತಾರೆ. ಹಿಡಿಯಲಿ ಬಿಡಿ, ಅವರಿಗೇನು ಗೊತ್ತು!

ಸುಹೈಲ್ ತೀರಿಕೊಂಡು ವಿಧವೆ ಮನೆ ಬಿಟ್ಟು ಹೊರಡಬಾರದ ಇದ್ದತ್ತಿನ ತಿಂಗಳುಗಳು ಮುಗಿದ ದಿನವೇ ಮೈದುನ ಹಮೂದ್ ಅಂಗಳಕ್ಕೆ ಬಂದು ನಿಂತಿದ್ದ. ಒಳ್ಳೆಯವನೇ. ಆದರೆ ಒಳ್ಳೆಯವರ ಕಾಟ ಕೆಟ್ಟವರ ಕಾಟಕ್ಕಿಂತ ಒಂದು ಕೈ ಮೇಲು.

"ಅತ್ತಿಗೆ, ಅಣ್ಣನ ಗಾಡಿ ನಮ್ಮನೆ ಮುಂದೆ ನಿಲ್ಲಿಸ್ಲಾ?"

"ಯಾಕೋ, ನಿಮ್ಮನೆ ಮುಂದೆ ಜಾಗ ಜಾಸ್ತಿ ಆಗಿದ್ಯಾ?"

"ಅಲ್ಲ, ನಿಮಗೆ ಇನ್ಯಾಕೆ ಅಂತ..."

"ಜಾಸ್ತಿ ಆಗಿದ್ರೆ ನಾಲ್ಕು ಮೇಕೆ ಕಟ್ಟು" ಎಂದವಳೇ ಮುಸುಕಿನ ತುದಿಯಲ್ಲಿದ್ದ ಕೀಲಿಕೈ ಬಿಚ್ಚಿ, ಅವನೆದುರೇ ಗಾಡಿ ಶುರು ಮಾಡಿಕೊಂಡು ಇಬ್ರಾ ಪೇಟೆಯ ಹೆಂಗಸರ ಸಂತೆಗೆ ಹೊರಟುಬಿಟ್ಟಳು. ಅಂದಿನಿಂದ ಆ ಕೀಲಿಕೈ ಇನ್ನೊಬ್ಬರ ಕೈಗೆ ಹೋಗಿಲ್ಲ.

ಪ್ರತಿ ಚಳಿಗಾಲ, ಶಾಲೆಗೆ ರಜೆ ಬಿಟ್ಟಾಗ, ಇವರ ಬಿಡಾರದ ಐದು ಗಾಡಿಗಳು ಬಿದಿಯಾ ಊರಿನ ಕಡೆಯಿಂದ ಮರಳಿಗೆ ಇಳಿದು, ದಿಬ್ಬಗಳಲ್ಲೇ ತಂಗಿ, ಕಡಲು ಮುಟ್ಟಿ ಬರುತ್ತವೆ. ಸುಹೈಲ್ ಇರುವಷ್ಟು ದಿನ ಮೊದಲ ಗಾಡಿ ಅವನದು, ಆಮೇಲೆ ಮೌಝಾಳದು. ಮೊದಲ ಗಾಡಿ ಎಂದರೆ ಸುಮ್ಮನೆ ಮುಂದೆ ಹೋಗುವುದಲ್ಲ. ಎಲ್ಲಿ ಟೈರಿನ ಗಾಳಿ ಇಳಿಸಬೇಕು, ಯಾವ ದಿಬ್ಬವನ್ನು ಯಾವ ಹೊತ್ತಿನಲ್ಲಿ ದಾಟಬೇಕು, ಎಲ್ಲಿ ಬಿಡಾರ ಹೂಡಬೇಕು, ಎಲ್ಲವೂ ಆ ಗಾಡಿಯ ಮಾತು. ನಿಂತಲ್ಲೆಲ್ಲ ಮೊದಲ ಕಾಫಿಯೂ ಆ ಗಾಡಿಯ ಚಾಪೆಯ ಮೇಲೇ.

ಹೋದ ವರ್ಷ ಆಗಬಾರದ್ದು ಆಗಿಹೋಯಿತು. ನಡುಮಧ್ಯಾಹ್ನ ಮರಳಿಗೆ ನೆರಳಿರುವುದಿಲ್ಲ. ದಿಬ್ಬದ ನೆತ್ತಿ ಎಲ್ಲಿ ಮುಗಿಯಿತು, ಆಚೆಯ ಪ್ರಪಾತ ಎಲ್ಲಿ ಶುರುವಾಯಿತು, ಎಂಥ ಕಣ್ಣಿಗೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಇಂಜಿನ್ ಆರಿಸಿ ಮಲಗುವುದು ರೂಢಿ. ಮೌಝಾಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಎಡಗಡೆಯಿಂದ ಹಮೂದನ ಹೊಸ ಗಾಡಿ ಮುಂದೆ ನುಗ್ಗುವುದು ಕಂಡಿತು, ಮೈ ಉರಿಯಿತು, ಕಾಲು ಪೆಡಲನ್ನು ತುಳಿಯಿತು. ಗಾಡಿ ನೆತ್ತಿ ದಾಟಿ ಮಗ್ಗುಲಾಗಿ ಉರುಳಿತು. ಅವಳಿಗೆ ತರಚು ಗಾಯ, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಮಗಳು ಬದ್ರಿಯಾಳ ಕಾಲರ್ ಮೂಳೆ ಮುರಿಯಿತು.

ಬದ್ರಿಯಾ ಇಬ್ರಾದ ಶಾಲೆಯಲ್ಲಿ ಟೀಚರು, ಮೂವತ್ತು ದಾಟಿದವಳು. ಮೂಳೆ ಕೂಡಿತು. ತಾಯಿಯ ಮೇಲೆ ಒಂದು ಮಾತೂ ಆಡಲಿಲ್ಲ. ಆದರೆ ಮತ್ತೆ ತಾಯಿಯ ಗಾಡಿ ಹತ್ತಲಿಲ್ಲ. ಈ ವರ್ಷದ ಪಯಣಕ್ಕೂ ಚಿಕ್ಕಪ್ಪನ ಗಾಡಿಯಲ್ಲೇ ಬಂದಳು. ಮಾತಾಡಿ ಬೈದಿದ್ದರೆ ಮೌಝಾ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದಳು. ಖಾಲಿ ಸೀಟಿಗೆ ಏನೆಂದು ಹೇಳುವುದು?

ಮೂರನೆಯ ದಿನ ಇಳಿಹೊತ್ತಿಗೆ ಕೊನೆಯ ದಿಬ್ಬಸಾಲಿನ ಬುಡಕ್ಕೆ ಬಂದು ನಿಂತರು. ಅದರಾಚೆ ಕಡಲು. ಗಾಳಿಯಲ್ಲಿ ಉಪ್ಪಿನ ವಾಸನೆ. ಬಿಸಿಲು ಓರೆಯಾಗಲಿ ಎಂದು ಮೌಝಾ ಚಾಪೆ ಹಾಸಿ, ಖರ್ಜೂರ ಇಟ್ಟು, ಏಲಕ್ಕಿ ಕಾಫಿ ಬಗ್ಗಿಸಿದಳು. ಹಿಡಿಯಿಲ್ಲದ ಪುಟ್ಟ ಬಟ್ಟಲು ಒಬ್ಬೊಬ್ಬರಿಗೂ ಹೋಯಿತು. ನೆರೆಯ ಮುದುಕ ಬಖೀತ್ ಸೊರ್ ಎಂದು ಹೀರಿದ. ಹಮೂದ್ ಮಾತ್ರ ಬಟ್ಟಲನ್ನು ತುಟಿಗೆ ತಾಗಿಸದೆ ತನ್ನೆದುರು ನೆಲದ ಮೇಲಿಟ್ಟ.

ಎಲ್ಲರ ಕಣ್ಣೂ ಒಮ್ಮೆಗೇ ಆ ಬಟ್ಟಲಿಗೆ ಹೋಯಿತು. ಕುಡಿಯದೆ ನೆಲಕ್ಕಿಟ್ಟ ಬಟ್ಟಲೆಂದರೆ, ನನ್ನದೊಂದು ಬೇಡಿಕೆ ಇದೆ ಎಂದು ಅರ್ಥ. ಚಾಪೆಯ ಯಜಮಾನರು ಆಗಲಿ ಎಂದರೆ ಕುಡಿಯುವುದು. ಇಲ್ಲವೆಂದರೆ ಅದು ಅಲ್ಲೇ ತಣ್ಣಗಾಗುತ್ತದೆ, ಇಂಥವರ ಚಾಪೆಯಲ್ಲಿ ಬಟ್ಟಲು ತಣ್ಣಗಾಯಿತಂತೆ ಎಂಬ ಮಾತು ಮರಳೆಲ್ಲ ಸುತ್ತಿ ಬರುತ್ತದೆ. ಮಗನನ್ನು ಕೊಂದವರ ಕಡೆಯವರು ಬಂದು ಬಟ್ಟಲಿಟ್ಟಾಗಲೂ ಹಲ್ಲು ಕಚ್ಚಿ ರಾಜಿಗೆ ಒಪ್ಪಿದವರಿದ್ದಾರೆ. ಸುಹೈಲನ ಚಾಪೆಯ ಮೇಲೆ ಒಂದೇ ಒಂದು ಬಟ್ಟಲೂ ತಣ್ಣಗಾಗಿರಲಿಲ್ಲ. ಅದು ಹಮೂದನಿಗೂ ಗೊತ್ತು. ಅದಕ್ಕೇ ಇಟ್ಟದ್ದು.

"ಏನು ಬೇಕು, ಬಾಯ್ಬಿಡು" ಎಂದಳು ಮೌಝಾ.

"ಕೀಲಿಕೈ, ಅತ್ತಿಗೆ. ಇಲ್ಲಿಂದ ಕಡಲಿಗೆ ನನ್ನ ಮಗ ಓಡಿಸ್ತಾನೆ. ಊರಿಗೆ ಹೋದ್ಮೇಲೆ ಗಾಡಿ ಅಂಗಳದಲ್ಲಿ ನಿಲ್ಲಲಿ. ನಿಮಗೆ ಎಲ್ಲಿಗೆ ಹೋಗ್ಬೇಕೋ ಹೇಳಿ, ನಾವು ಕರ್ಕೊಂಡು ಹೋಗ್ತೀವಿ."

"ಎಲ್ಲಿಗೆ ಬೇಕಾದ್ರೂ?"

"ಎಲ್ಲಿಗೆ ಬೇಕಾದ್ರೂ."

"ನಿನಗೆ ಪುರುಸೊತ್ತಾದಾಗ."

ಹಮೂದ್ ತಲೆ ಕೆರೆದುಕೊಂಡ. ಬಖೀತ್ ಖರ್ಜೂರದ ಬೀಜ ಉಗುಳಿ, "ಮೌಝಾ, ಅವನಿಗೆ ಪುರುಸೊತ್ತಾಗೋ ಹೊತ್ತಿಗೆ ಕಡಲೇ ಇಲ್ಲಿಗೆ ನಡ್ಕೊಂಡು ಬಂದಿರುತ್ತೆ" ಎಂದ.

"ತಮಾಷೆ ಬೇಡ ಬಖೀತಣ್ಣ" ಎಂದ ಹಮೂದ್. ಅವನ ದನಿ ಏರಿತು. "ಬದ್ರಿಯಾ, ನೀನಾದ್ರೂ ಹೇಳಮ್ಮ. ಮೂಳೆ ಮುರ್ಕೊಂಡವಳು ನೀನು."

ಬದ್ರಿಯಾ ಚಾಪೆಯ ಅಂಚಿನಲ್ಲಿ ಕೂತಿದ್ದಳು. ಮೌಝಾ ಕೈಯಲ್ಲಿದ್ದ ಹೂಜಿಯನ್ನು ಕೆಳಗಿಟ್ಟಳು. ಇಡೀ ವರ್ಷ ಆಡದ ಮಾತನ್ನು ಇವಳು ಈಗ, ಎಲ್ಲರೆದುರು ಆಡಿಬಿಟ್ಟರೆ?

"ಮುರಿದಿದ್ದು ನನ್ನ ಮೂಳೆ, ಚಿಕ್ಕಪ್ಪ" ಎಂದಳು ಬದ್ರಿಯಾ. "ಅದನ್ನ ನಿನ್ನ ಬಟ್ಟಲಿಗೆ ಹಾಕ್ಬೇಡ."

ಅಷ್ಟೇ. ತಾಯಿಯ ಪರವಾಗಿಯೂ ಇನ್ನೊಂದು ಮಾತು ಬರಲಿಲ್ಲ.

ಮೌಝಾ ಹಮೂದನ ಕಡೆ ತಿರುಗಿದಳು. ಆಮೇಲೆ ಗಟ್ಟಿಯಾಗಿಯೇ ಹೇಳಿದಳು: "ತಪ್ಪು ನಂದೇ. ಮಟಮಟ ಮಧ್ಯಾಹ್ನ ಹೊಟ್ಟೆಕಿಚ್ಚಿಗೆ ಹತ್ತಿಸ್ದೆ, ಮಗಳ ಮೂಳೆ ಮುರಿದೆ. ಸಾಯೋವರೆಗೂ ಅದು ನನ್ನ ಎದೆ ಮೇಲಿರುತ್ತೆ. ಆದ್ರೆ ಕೀಲಿಕೈ ಕೊಡಲ್ಲ. ನಿನ್ನ ಬಟ್ಟಲು ತಣ್ಣಗಾಗ್ಲಿ."

ಚಾಪೆಯ ಮೇಲಿದ್ದವರ ಕಣ್ಣುಗಳೆಲ್ಲ ನೆಲಕ್ಕಿಳಿದವು. ಹೇಳಿದ್ದೇನೋ ಹೇಳಿಬಿಟ್ಟಳು. ಸುಹೈಲನ ಹೆಸರಿಗೆ ಮಸಿ ಬಳಿದೆನಲ್ಲ ಎಂದುಕೊಂಡಳು. ಹಮೂದನಾದರೂ ಏಳಬಾರದೇ? ಏಳಲಿಲ್ಲ. ಮೊಣಕಾಲಿಗೆ ಕೈ ಕಟ್ಟಿಕೊಂಡು ಬಂಡೆಯಂತೆ ಕೂತ. ಬಟ್ಟಲ ಮೇಲಿನ ಹಬೆ ನಿಂತುಹೋಯಿತು.

ಆಗ ಅವಳ ಸಿಟ್ಟು ನೆತ್ತಿಗೇರಿತು. ಬಟ್ಟಲಿಡುವುದು ಇವನೊಬ್ಬನಿಗೇ ಬರುತ್ತದೆಯೇ? ನೋಯುವ ಮೊಣಕಾಲಿಗೆ ಬೈಯುತ್ತ ಎದ್ದಳು. ಹತ್ತು ಮಾರು ದೂರದಲ್ಲಿ ಹಮೂದನದೇ ಚಾಪೆ ಇತ್ತು. ಅವನ ಹೆಂಡತಿ ನಸ್ರಾ ಕಾಫಿ ಹೂಜಿ ಪಕ್ಕದಲ್ಲಿಟ್ಟುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮೌಝಾ ಹೋಗಿ ಆ ಚಾಪೆಯ ನಟ್ಟನಡುವೆ ಕೂತಳು.

"ಒಂದು ಬಟ್ಟಲು ಹಾಕು ನಸ್ರಾ."

ನಸ್ರಾ ಗಂಡನ ಕಡೆ ತಿರುಗಿಯೂ ನೋಡದೆ ಬಟ್ಟಲು ತುಂಬಿಸಿದಳು. ಮೌಝಾ ಅದನ್ನು ತಗೊಂಡು ನೆಲಕ್ಕಿಟ್ಟಳು.

"ಹಮೂದ್! ಬಾರೋ ಇಲ್ಲಿ. ನಿನ್ನ ಚಾಪೆಗೆ ನೆಂಟರು ಬಂದಿದಾರೆ."

ಬಖೀತನಿಗೆ ಕೆಮ್ಮು ಬಂತು. ನಕ್ಕದ್ದೋ ಕೆಮ್ಮಿದ್ದೋ, ಅವನಿಗೇ ಗೊತ್ತು. ಹಮೂದ್ ಬರಲೇಬೇಕಾಯಿತು. ಬಂದು ಎದುರು ನಿಂತ, ಕಿವಿಯೆಲ್ಲ ಕೆಂಪು.

"ಇದು ಸರಿಯಲ್ಲ ಅತ್ತಿಗೆ."

"ಕೂತ್ಕೊಂಡು ಕೇಳು. ನನ್ನ ಕೀಲಿಕೈ ಮಾತನ್ನ ಇನ್ನು ಯಾವತ್ತೂ ಎತ್ತಬಾರದು. ನೀನೂ ಎತ್ತಬಾರದು, ನಿನ್ನ ಮಕ್ಕಳೂ ಎತ್ತಬಾರದು. ಇಷ್ಟೇ ನನ್ನ ಬೇಡಿಕೆ. ಇಲ್ಲ ಅಂತೀಯಾ, ಅನ್ನು. ಅಣ್ಣನ ಹೆಂಡತಿಯ ಬಟ್ಟಲು ನಿನ್ನ ಚಾಪೆ ಮೇಲೆ ತಣ್ಣಗಾಗ್ಲಿ. ನಾಳೆ ಸಂತೇಲಿ ಇಬ್ಬರ ಮರ್ಯಾದೆನೂ ಒಂದೇ ರೇಟಿಗೆ ಹೋಗುತ್ತೆ."

ಹಮೂದ್ ಕುಸಿದು ಕೂತ. "ಅಣ್ಣನ್ನ ಈ ಕೈಲೇ ಮಣ್ಣಿಗಿಳಿಸಿದೀನಿ" ಎಂದ. "ಹೋದ ವರ್ಷ ಆ ಗಾಡಿ ಒಳಗಿಂದ ನಿಮ್ಮಿಬ್ಬರನ್ನೂ ಎಳೆದವನೂ ನಾನೇ. ಬದುಕಿದಾರೋ ಇಲ್ವೋ ಅಂತ ಗೊತ್ತಿಲ್ದೆ ಎಳೆದಿದ್ದು. ನನಗೆ ಇನ್ನೊಂದ್ಸಲ ಆ ಧೈರ್ಯ ಇಲ್ಲ, ಅತ್ತಿಗೆ. ನಿಮಗೆ ಅರ್ಥ ಆಗಲ್ವಾ?"

ಇವನು ಗಾಡಿಯ ಆಸೆಗೆ ಬಿದ್ದಿದ್ದಾನೆ ಎಂದೇ ಮೌಝಾ ಇಷ್ಟು ವರ್ಷ ಅಂದುಕೊಂಡಿದ್ದಳು. ಆದರೂ ಅವಳು ಬಟ್ಟಲಿಗೆ ಕೈ ಹಾಕಲಿಲ್ಲ.

"ಅರ್ಥ ಆಗುತ್ತೆ ಕಣೋ. ಆ ಕಾಲ ಬಂದ್ರೆ ನನ್ನನ್ನೂ ಮಣ್ಣಿಗಿಳಿಸು. ಆದ್ರೆ ಸ್ಟಿಯರಿಂಗ್ ಹಿಂದಿನಿಂದ ಎತ್ಕೊಂಡು ಹೋಗು, ಅಡುಗೆಮನೆ ಮೂಲೆಯಿಂದ ಅಲ್ಲ. ನಿನ್ನ ಭಯಕ್ಕೋಸ್ಕರ ನಾನು ಈಗ್ಲೇ ಸತ್ತು ಕೂರ್ಬೇಕಾ?"

ಹಮೂದ್ ಅಂಗೈಯಿಂದ ಮುಖ ಒರೆಸಿಕೊಂಡ. "ಕುಡೀರಿ" ಎಂದ. "ಆಗ್ಲಿ. ಎತ್ತಲ್ಲ. ಕುಡೀರಿ."

ಅವಳು ಒಂದೇ ಗುಟುಕಿಗೆ ಕುಡಿದಳು. ತನ್ನ ಚಾಪೆಗೆ ಮರಳಿ ಹಮೂದನ ತಣ್ಣಗಾದ ಬಟ್ಟಲನ್ನು ಮರಳಿಗೆ ಚೆಲ್ಲಿ, ಬಿಸಿಯದು ತುಂಬಿ ತಂದು ಅವನ ಕೈಗೇ ಕೊಟ್ಟಳು. "ಇದನ್ನ ಏನೂ ಕೇಳದೆ ಕುಡಿ." ಅವನು ಕುಡಿದ.

ಬಿಸಿಲು ಓರೆಯಾಗಿ ದಿಬ್ಬದ ನೆತ್ತಿಯ ಗೆರೆ ಸ್ಪಷ್ಟವಾಗಿತ್ತು. ಮೌಝಾ ಗಾಡಿ ಹತ್ತಿ ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದ ತೆರೆದು ಹಿಡಿದಳು. ಬದ್ರಿಯಾ ಬಂದು ಬಾಗಿಲ ಬಳಿ ನಿಂತಳು, ಹತ್ತಲಿಲ್ಲ.

"ಆಗಲ್ಲ ಅಮ್ಮ. ಅಲ್ಲಿ ಕೂತ್ರೆ ಇನ್ನೂ ಎದೆ ಹೊಡ್ಕೊಳ್ಳುತ್ತೆ."

"ಬಾ ಅಂತ ನಾನು ಕರೆದ್ನಾ?"

"ಬಾಗಿಲು ತೆಗೆದ್ಯಲ್ಲ."

"ಗಾಳಿ ಆಡ್ಲಿ ಅಂತ ತೆಗೆದೆ" ಎಂದು ಮೌಝಾ ಬಾಗಿಲೆಳೆದುಕೊಂಡಳು. ಅವಳಿಗೆ ನೋವಾಗಲಿಲ್ಲವೆಂದರೆ ಸುಳ್ಳು. ಕೀಲಿಕೈ ಉಳಿಸಿಕೊಂಡದ್ದೇನೋ ಸರಿ, ಆ ಸೀಟು ಖಾಲಿಯೇ ಉಳಿಯಿತಲ್ಲ! ಗೇರು ಬಿದ್ದಿತು. ಮರಳು ಟೈರನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಅವಳು ಪೆಡಲು ಬಿಡಲಿಲ್ಲ. ನೆತ್ತಿಯ ಮೇಲೆ ಅರೆಗಳಿಗೆ ತೂಗಾಡಿದ ಗಾಡಿ ಮೂತಿ ನೆಟ್ಟಗೆ ಮಾಡಿಕೊಂಡು ಆಚೆ ಇಳಿಯಿತು. ಎದುರಿಗೆ ಕಡಲು. ಅವಳು ಬುಡದಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿ, ವಾಕಿಟಾಕಿ ಎತ್ತಿ, "ನೆಲ ಗಟ್ಟಿ ಇದೆ, ಬನ್ನಿ" ಎಂದಳು.

ಗೊರಗೊರ ಸದ್ದು, ಯಾರೋ ಬಾಗಿಲು ಬಡಿದದ್ದು, ನಸ್ರಾಳ ನಗು. ಆಮೇಲೆ ಹಮೂದನ ದನಿ: "ಅತ್ತಿಗೆ! ನಿಮ್ಮ ಮಗಳು ನನ್ನನ್ನ ಇಳಿಸಿ ಪಕ್ಕಕ್ಕೆ ತಳ್ಳಿಬಿಟ್ಳು! ಪಕ್ಕದಲ್ಲಿ ಕೂರೋಕೆ ಭಯವಂತೆ, ಓಡಿಸೋಕೆ ಭಯ ಇಲ್ವಂತೆ!"

ಮೌಝಾ ಗುಂಡಿ ಒತ್ತಿ ಹಿಡಿದಳು.

"ಬಟ್ಟಲು ಕೆಳಗಿಟ್ಟು ಕೇಳಿದ್ಳೇನೋ?"

"ಎಲ್ಲಿಂದ! ಕೇಳಲೇ ಇಲ್ಲ!"

ದಿಬ್ಬದ ನೆತ್ತಿಯ ಮೇಲೆ ಹಮೂದನ ಹೊಸ ಗಾಡಿಯ ಮೂತಿ ಕಾಣಿಸಿತು. ಗಾಜಿನ ಹಿಂದೆ ಬದ್ರಿಯಾ, ಎರಡೂ ಕೈ ಸ್ಟಿಯರಿಂಗ್ ಮೇಲೆ. ಪಕ್ಕದಲ್ಲಿ ಹಮೂದ್ ಕಣ್ಣು ಮುಚ್ಚಿಕೊಂಡು ಕೂತಿದ್ದ. ಮೌಝಾ ವಾಕಿಟಾಕಿ ಸೀಟಿನ ಮೇಲೆ ಎಸೆದು, ಗಾಡಿಯಿಂದಿಳಿದು, ಮಗಳಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಗಂಟಲು ಹರಿಯುವಂತೆ ಕೂಗಿದಳು:

"ಬ್ರೇಕ್ ತುಳೀಬೇಡ್ವೇ! ನೆಟ್ಟಗೆ ಇಳಿಸೇ, ನೆಟ್ಟಗೆ!"