ಸೋದರಮಾವ ಹಗ್ಗ ಹಿಡಿದ ಬೆಳಿಗ್ಗೆ

ನಮ್ಮದು ಅಳಿಯಕಟ್ಟಿನ ಮನೆ. ಹುಡುಗಿಯ ಮದುವೆಗೆ ಅಪ್ಪ ಒಪ್ಪಿದರೆ ಸಾಲದು, ಸೋದರಮಾವ ಹೂಂ ಅನ್ನಬೇಕು. ನನ್ನ ಮಗಳು ಮಲ್ಪೆಯ ಮೀನುಗಾರರ ಮನೆಯ ಹುಡುಗನನ್ನು ಮೆಚ್ಚಿಕೊಂಡಾಗ ನನಗಾಗಲಿ ನನ್ನ ಗಂಡನಿಗಾಗಲಿ ತಕರಾರಿರಲಿಲ್ಲ. ತಕರಾರು ತೆಗೆದವನು ಹೆಬ್ರಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ತಮ್ಮ.

“ನೀರು ನಂಬಿ ಬದುಕುವವರು ಅಕ್ಕ, ಇವತ್ತು ಉಂಟು, ನಾಳೆ ಇಲ್ಲ,” ಎಂದ.

ಮಾವ ಒಪ್ಪದೆ ಮದುವೆ ಬೇಡ ಎಂದು ಮಗಳೂ ಹಟ ಹಿಡಿದಳು. ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಒಪ್ಪಿಸುತ್ತೇನೆ ಎಂಬ ಧೈರ್ಯ ನನಗಿತ್ತು. ನನ್ನ ತಮ್ಮ ಮಾತಿಗೆ ಬಗ್ಗುವವನಲ್ಲ, ಕಣ್ಣಾರೆ ಕಂಡರೆ ಮಾತ್ರ ನಂಬುವವನು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅವನನ್ನು ಕಾರಿಗೆ ಹತ್ತಿಸಿಕೊಂಡು ನಾನೇ ಓಡಿಸಿಕೊಂಡು ಹೊರಟೆ.

ಮಲ್ಪೆ ಉಡುಪಿ ನಗರಸಭೆಯೊಳಗೆ ಸೇರಿ ಎಷ್ಟೋ ಕಾಲವಾಯಿತು. ಆದರೂ ಬಂದರಿನ ಗಲಾಟೆ, ಐಸ್ ಲಾರಿಗಳು, ಪ್ರವಾಸಿಗರ ಹೋಟೆಲುಗಳನ್ನು ದಾಟಿ ಕಡಲ ಕಡೆಯ ಓಣಿಗೆ ತಿರುಗಿದರೆ ಹಳೆಯ ಊರು ಹಾಗೇ ಇದೆ. ತೆಂಗಿನ ಬುಡದಲ್ಲಿ ದೋಣಿ, ಅಂಗಳದ ತುಂಬ ಬಲೆ, ಒತ್ತೊತ್ತಾಗಿ ಹಂಚಿನ ಮನೆಗಳು. ನನ್ನ ತಮ್ಮ ಕಾರಿನಿಂದ ಇಳಿದದ್ದೇ ಮೂಗಿಗೆ ಕರವಸ್ತ್ರ ಹಿಡಿದ. ಬಂಗುಡೆ ಮೀನಿನ ಸಾರಿಲ್ಲದೆ ಗಂಟಲಲ್ಲಿ ಅನ್ನ ಇಳಿಯದವನು! ನನಗೆ ನಗುವೂ ಬಂತು, ಸಿಟ್ಟೂ ಬಂತು.

ಹುಡುಗನ ಮನೆಯವರೆಲ್ಲ ದಂಡೆಯಲ್ಲಿದ್ದರು, ಕೈರಂಪಣಿ ಎಳೆಯುವುದಕ್ಕೆ. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧ ಸುತ್ತಾಗಿ ಬಿಟ್ಟು, ಅದರ ಎರಡೂ ತುದಿಯ ಹಗ್ಗಗಳನ್ನು ದಡದಿಂದ ಊರವರು ಸೇರಿ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು.

“ಇದೊಂದು ಮುಗಿಯಲಿ ಮಾವ, ಮತ್ತೆ ಮನೆಗೆ ಹೋಗುವಾ,” ಎಂದು ಹುಡುಗ ಹಗ್ಗ ಬಿಡದೆಯೇ ಕೂಗಿದ. ಬೇರೆಯವರು ದುಡಿಯುವಾಗ ಕೈಕಟ್ಟಿ ನಿಲ್ಲುವುದು ನನ್ನ ತಮ್ಮನ ಜಾಯಮಾನವಲ್ಲ. ಪಂಚೆ ಎತ್ತಿ ಕಟ್ಟಿ ಅವನೂ ಹಗ್ಗ ಹಿಡಿದ.

ಬಲೆ ದಡಕ್ಕೆ ಬಂದಾಗ ಮೀನು ಪಟಪಟ ಹಾರುತ್ತಿತ್ತು. ತಮ್ಮನಿಗೆ ಆಸೆ ತಡೆಯಲಾಗಲಿಲ್ಲ. ದಪ್ಪ ಬಂಗುಡೆಯೊಂದನ್ನು ಆರಿಸಿ ಕರವಸ್ತ್ರದಲ್ಲಿ ಸುತ್ತಿಕೊಂಡ.

“ಅದನ್ನು ಅಲ್ಲೇ ಹಾಕಿ!”

ಕೂಗಿದವರು ಹುಡುಗನ ಅಜ್ಜಿ. ಪಾಲು ಮಾಡಲು ಮರಳಲ್ಲೇ ಕೂತಿದ್ದರು. “ಪಾಲು ಆಗದೆ ಯಾರೂ ಮೀನು ಎತ್ತಲಿಕ್ಕಿಲ್ಲ. ನೆಂಟರಾದರೆ ಎಂತ?”

ಹುಡುಗ ತಲೆ ತಗ್ಗಿಸಿದ. ಅಮ್ಮ ಹೋದ ಮೇಲೆ ನನ್ನ ತಮ್ಮನಿಗೆ ಎದುರು ಮಾತಾಡಿದವರೇ ಇಲ್ಲ. ನಾನೂ ಸುತ್ತಿ ಬಳಸಿಯೇ ಹೇಳುವವಳು. ಈ ಸಂಬಂಧ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ನನ್ನ ತಮ್ಮ ಕಿವಿಯವರೆಗೂ ಕೆಂಪಾದ. ಮೀನನ್ನು ರಾಶಿಗೆ ಹಾಕಿ, ಅಜ್ಜಿಯ ಎದುರೇ ಕುಕ್ಕರುಗಾಲಲ್ಲಿ ಕೂತು ನೋಡತೊಡಗಿದ. ಅಜ್ಜಿ ಅವನ ಕಡೆ ತಿರುಗಿಯೂ ನೋಡದೆ ಪಾಲು ಹಾಕಿದರು. ಗಂಡ ಕಡಲಿಗೆ ಹೋಗಿ ಬಾರದ ಹೆಂಗಸೊಬ್ಬಳಿಗೆ ಮೊದಲ ಪಾಲು. ಅವಳು ಹಗ್ಗ ಹಿಡಿದಿರಲಿಲ್ಲ, ಏಕೆಂದು ಯಾರೂ ಕೇಳಲೂ ಇಲ್ಲ. ಸ್ವಂತ ಮೊಮ್ಮಗ ದೊಡ್ಡ ಮೀನಿಗೆ ಕೈ ಚಾಚಿದಾಗ ಅವನ ಕೈಗೂ ಒಂದು ಏಟು ಬಿತ್ತು. ಕೊನೆಗೆ ತಮ್ಮನ ಪಾಲನ್ನು ಅವನ ಕೈಗಿತ್ತು, “ಈಗ ತೆಗೊಳ್ಳಿ, ಇದು ನಿಮ್ಮದು,” ಎಂದರು.

ಮನೆಯಲ್ಲಿ ಚಹಾ ಕುಡಿದು ಹೊರಟೆವು. ಉಡುಪಿ ಪೇಟೆ ಕಳೆದು ಕಡಿಯಾಳಿ ದಾಟಿದೆವು. ಏನು ಹೇಳಿ ಸಮಾಧಾನ ಮಾಡಲಿ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಅವನು ಫೋನು ತೆಗೆದು ನನ್ನ ಮಗಳಿಗೆ ಮಾಡಿದ.

“ಆ ಅಜ್ಜಿ ನನ್ನನ್ನೇ ಬೈದರು ಮಗಾ, ಎಲ್ಲರ ಎದುರು,” ಎಂದ. ಆಮೇಲೆ ತನ್ನ ಪಾಲಿನ ಮೀನನ್ನೊಮ್ಮೆ ನೋಡಿಕೊಂಡ. “ನಾಳೆ ನಾನಿಲ್ಲದಾಗ ನಿನಗೆ ಯಾರಾದರೂ ಅನ್ಯಾಯ ಮಾಡಿದರೆ ಬೈಯುವವರು ಆ ಮನೆಯಲ್ಲಿ ಉಂಟು. ನೀನು ಹೋಗು.”