ಮುಳುಗಿದ ಮನೆಯ ಬಾಗಿಲ ಬಣ್ಣ

ರುದ್ರಮ್ಮ ತಾಮ್ರದ ತಂಬಿಗೆಗೆ ಹುಣಸೆಹಣ್ಣು, ಉಪ್ಪು ಮೆತ್ತಿ ಬಚ್ಚಲ ಮೂಲೆಯಲ್ಲಿ ಮರೆತು, ನೆಂಟರ ಮದುವೆಗೆ ಹೋಗಿಬಿಟ್ಟಿದ್ದಳು. ಮರಳಿ ಬಂದು ನೋಡಿದರೆ ತಂಬಿಗೆಯ ಕಂಠಕ್ಕೆ ಕಿಲುಬು ಹತ್ತಿತ್ತು. ತಿಕ್ಕಲು ಹೋದ ಕೈ ಹಾಗೇ ನಿಂತಿತು. ಹಸಿರೂ ಅಲ್ಲದ, ನೀಲಿಯೂ ಅಲ್ಲದ ಆ ಬಣ್ಣ ಹಳೇ ಬಾಗಲಕೋಟೆಯ ತವರುಮನೆಯ ತಲೆಬಾಗಿಲಿನದು.

ಆ ಮನೆ ಅಣೆಕಟ್ಟಿನ ಮುಳುಗಡೆಯಲ್ಲಿ ಹೋಯಿತು. ಹಿನ್ನೀರು ಬರುವ ಮುಂಚೆ ಬಾಗಿಲನ್ನು ಕಿತ್ತು ಯಾರೋ ಟ್ರ್ಯಾಕ್ಟರಿನಲ್ಲಿ ಒಯ್ದರಂತೆ. ಮನೆ ಖಾಲಿ ಮಾಡುವಾಗ ರುದ್ರಮ್ಮ ಇಲ್ಲಿ ಜಾಲಹಳ್ಳಿಯಲ್ಲಿ ಹಸಿ ಬಾಣಂತಿ. ಕಡೇ ಸಲ ಆ ಹೊಸ್ತಿಲು ದಾಟುವ ಭಾಗ್ಯ ಸಿಗಲಿಲ್ಲ. ಒಂದು ಫೋಟೋ ಸಹ ಉಳಿದಿರಲಿಲ್ಲ.

ಗಂಡ ಸಂಗಮೇಶ್ ಪೀಣ್ಯದ ವರ್ಕ್‌ಶಾಪೊಂದರಲ್ಲಿ ಸೂಪರ್‌ವೈಸರ್. ಆಕೆ ಕೇಳಿದಳೆಂದು, ಕತ್ತರಿಸಿ ಉಳಿದ ತಾಮ್ರದ ತಗಡೊಂದನ್ನು ಮಾಲೀಕರಿಗೆ ಹೇಳಿ ತಂದುಕೊಟ್ಟ.

"ಏನ್ ಮಾಡ್ತೀ ಇದರಾಗ?"

"ನಮ್ಮ ಬಾಗಿಲಾ ಮಾಡ್ತೀನ್ರಿ."

ಆತ ನಗಲಿಲ್ಲ. ಅಂಚು ಕೈ ಕುಯ್ಯದಂತೆ ಅರ ಹಾಕಿ ಉಜ್ಜಿಕೊಟ್ಟ.

ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ಬೇಯಿಸಿದ ಮೊಟ್ಟೆಯ ಜೊತೆ ಮುಚ್ಚಿಟ್ಟರೆ ತಾಮ್ರ ಕಂದುಬಣ್ಣಕ್ಕೆ ತಿರುಗುತ್ತದೆ ಎಂದಿತು ಒಂದು ವಿಡಿಯೊ. ಲಿಂಗಪೂಜೆಯ ಮನೆಯಲ್ಲಿ ಮೊಟ್ಟೆ ಎಲ್ಲಿಂದ ಬರಬೇಕು, ಮುಂದಕ್ಕೆ ಸರಿಸಿದಳು. ವಿನೆಗರ್, ಉಪ್ಪಿನಲ್ಲಿ ನೆನೆಸಿದ ಮರದ ಹೊಟ್ಟಿನೊಳಗೆ ತಗಡನ್ನು ಹೂತಿಟ್ಟಳು. ಹಸಿರು ಬಂತು, ಆದರೆ ಒಣಗಿದ ಮೇಲೆ ಬೆರಳು ತಾಗಿದರೆ ಪುಡಿಪುಡಿಯಾಗಿ ಉದುರಿತು. ಮತ್ತೆ ತಿಕ್ಕಿ, ಎಣ್ಣೆಯ ಪಸೆ ಉಳಿಯದಂತೆ ತೊಳೆದು, ಉಪ್ಪುನೀರು ಸಿಂಪಡಿಸಿದಳು. ಮಹಡಿಯ ಮೇಲೆ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಅಮೋನಿಯಾ ಇಟ್ಟು, ತಗಡು ಅದಕ್ಕೆ ತಾಗದಂತೆ ಮೇಲೆ ಕೂರಿಸಿ ಮುಚ್ಚಿದಳು. ಮುಚ್ಚಳ ತೆಗೆಯುವಾಗ ಬಟ್ಟೆ ಒಣಹಾಕಲು ಬಂದ ಮನೆ ಓನರ್ ವೆಂಕಟಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನ್ ರುದ್ರಮ್ಮ ಇದು, ಕಣ್ಣೆಲ್ಲ ಉರೀತದೆ."

"ಸ್ವಲ್ಪ ಆ ಕಡೆ ನಿಲ್ರಿ ಅಮ್ಮಾರ, ಗಾಳಿಗೆ ಹೋಗ್ತದ."

ಈ ಸಲ ಗಾಢ ನೀಲಿ ಬಂದಿತ್ತು. ರುದ್ರಮ್ಮನಿಗೆ ಗಾಬರಿಯಾಯಿತು. ಬಾಗಿಲು ಇಷ್ಟು ನೀಲಿ ಇತ್ತೇ? ನೆನೆದಷ್ಟೂ ಅದು ಮಸುಕಾಗುತ್ತ ಹೋಯಿತು. ಅತ್ತಿಬೆಲೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತಮ್ಮ ನಿಂಗಪ್ಪನಿಗೆ ಫೋನು ಮಾಡಿದಳು.

"ನಮ್ಮ ಬಾಗಿಲಾ ಯಾವ ಬಣ್ಣ ಇತ್ತೋ ತಮ್ಮಾ?"

"ಹಸರ ಇತ್ತಲ್ಲಕ್ಕಾ." ತುಸು ತಡೆದು, "ಇಲ್ಲ, ನೀಲಿ ಇತ್ತೇನ ಮತ್ತ..." ಅಂದ.

ಭಾನುವಾರ ನಿಂಗಪ್ಪನೇ ಬಂದ. ಅಷ್ಟರಲ್ಲಿ ಆಕೆ ವಿನೆಗರ್ ಹನಿಸಿ ಹನಿಸಿ ನೀಲಿಯೊಳಗೆ ಹಸಿರು ಹರಿಸಿದ್ದಳು. ಗೋಡೆಗೊರಗಿಸಿದ ತಗಡಿನ ಮುಂದೆ ಆತ ಚಹಾ ಆರುವವರೆಗೂ ಕುಕ್ಕರಗಾಲಲ್ಲಿ ಕೂತ.

"ಇದು ನಮ್ಮ ಬಾಗಿಲ ಅಲ್ಲಕ್ಕಾ," ಅಂದ ಕಡೆಗೆ.

ಆಕೆಯ ಮುಖ ಇಳಿಯಿತು.

"ಬಣ್ಣ ಹೌದೋ ಅಲ್ಲೋ, ದೇವರೇ ಬಲ್ಲ. ಆದ್ರ ಅವ್ವ ಸಂಜೀಕ ಹೊಸ್ತಿಲ ಮ್ಯಾಲ ಕುಂತು ನಮ್ಮ ದಾರಿ ಕಾಯ್ತಿದ್ಲಲ್ಲ, ಅಕಿ ಬೆನ್ನು, ತಲಿ ತಾಗಿ ತಾಗಿ ಅಲ್ಲಿ ಬಾಗಿಲದ ಬಣ್ಣ ಹಾರಿ ಕಟಗಿ ಕಾಣತಿತ್ತು. ಅದು ಇದರಾಗ ಇಲ್ಲ."

ರುದ್ರಮ್ಮನಿಗೆ ಆ ಜಾಗ ಥಟ್ಟನೆ ಕಣ್ಣಿಗೆ ಬಂತು. ಅವ್ವನ ತಲೆಯ ಎಣ್ಣೆ ಹತ್ತಿ ಹೊಳೆಯುತ್ತಿದ್ದ ಆ ಕಟ್ಟಿಗೆಯೇ ಆಕೆಗೆ ಇಷ್ಟು ವರ್ಷ ನೆನಪಾಗದೆ ಹೋಗಿತ್ತು. ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದು ಕೂತಳು. "ಇಲ್ಲೇನೋ?" "ಇನ್ನೂ ಕೆಳಗ." "ಇಲ್ಲಿ?" "ಹೂಂ, ಇನ್ನೊಂದೀಟು ಅಗಲ." ಕಿಲುಬು ಉದುರಿ ಕೆಳಗಿನ ಕೆಂಪು ತಾಮ್ರ ಮೆಲ್ಲಗೆ ಹೊರಬಂತು. ಉಜ್ಜುತ್ತ ಉಜ್ಜುತ್ತ ಆಕೆಯ ಕಣ್ಣು ತುಂಬಿ ಬಂತು. ನಿಂಗಪ್ಪ ಕಿಟಕಿಯಾಚೆ ನೋಡುತ್ತ ಕೂತ.

ಮರುದಿನ ಸಂಗಮೇಶ್ ಬಣ್ಣ ಉದುರದಂತೆ ಅದರ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆದು, ನಡುಮನೆಯ ಗೋಡೆಗೆ ಮೊಳೆ ಬಡಿದು ತೂಗುಹಾಕಿದ. ಲ್ಯಾಕರಿಗೆ ಬಣ್ಣ ಒಂದಿಷ್ಟು ಕಪ್ಪಿಟ್ಟಿತು. ರುದ್ರಮ್ಮ ಅದನ್ನು ಮತ್ತೆ ತಿದ್ದಲು ಹೋಗಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಅದರ ಕೆಳಗೇ ಚಾಪೆ ಹಾಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಸೊಪ್ಪು ಸೋಸತೊಡಗಿದಳು.