ಮಾರ್ಕೋನಹಳ್ಳಿಯಲ್ಲಿ ಬಿಚ್ಚಿಕೊಟ್ಟ ಬೆಲ್ಟು

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನಾಗ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹೊರದೇಶದ ಶಾಲೆಗಳಿಗೂ ನಮ್ಮ ಕಡೆಯ ಶಾಲೆಗಳಿಗೂ ಸ್ನೇಹ ಬೆಸೆಯುವ ಯೋಜನೆಯೊಂದು ಶುರುವಾಗಿ, ಅದರ ಸಭೆಗೆಂದು ಕೆಲವು ವಿದೇಶಿ ಶಿಕ್ಷಕರು ಬಂದಿಳಿದರು. ಹಗಲು ಸುತ್ತಾಟ, ಸಂಜೆ ಸಭೆ. ಸುತ್ತಾಡಿಸುವ ಹೊಣೆ ನನ್ನ ಮೇಲೂ, ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಡ್ರಾಯಿಂಗ್ ಮೇಷ್ಟ್ರ ಮೇಲೂ ಬಿತ್ತು.

ಸುತ್ತಾಟದ ದಿನ ಡ್ರಾಯಿಂಗ್ ಮೇಷ್ಟ್ರು ಗರಿಗರಿ ಪಂಚೆ ಉಟ್ಟು ಬಂದಿದ್ದರು. ಅದನ್ನು ಕಂಡು ವಿದೇಶಿ ತಂಡದ ಮುಖ್ಯಸ್ಥರ ಕಣ್ಣರಳಿತು. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದಷ್ಟು ಎತ್ತರದ, ಬಿಳಿ ಗಡ್ಡದ, ಸದಾ ನಗುತ್ತಿದ್ದ ಮನುಷ್ಯ. ಕುಣಿಗಲ್ ತಲುಪಿದಾಗ ಅವರಿಗೆ ಕುದುರೆ ಫಾರಮ್ಮೂ ಬೇಡವಾಗಿತ್ತು, ಕೆರೆಯೂ ಬೇಡವಾಗಿತ್ತು. ಒಂದು ಪಂಚೆ ಬೇಕಾಗಿತ್ತು.

ಬಟ್ಟೆ ಅಂಗಡಿಯವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಉದ್ದ ಎಷ್ಟ್ ಬೇಕಾದ್ರೂ ಕೊಡ್ತೀನಿ ಸಾ. ಅಗಲ ಮಾತ್ರ ಎಲ್ಲಾರ್ಗೂ ಒಂದೇಯ. ಇವ್ರಿಗೆ ಮೊಣಕಾಲ್ ತಾವ್ಲೇ ನಿಂತೋಯ್ತದೆ.”

ಹಾಗೇ ಆಯಿತು. ಡ್ರಾಯಿಂಗ್ ಮೇಷ್ಟ್ರು ಉಡಿಸಿದ ಪಂಚೆಯ ಕೆಳಗೆ ಬೆಳ್ಳನೆಯ ಮೀನಖಂಡ, ಅದರ ಕೆಳಗೆ ಕಪ್ಪು ಕಾಲುಚೀಲ, ಬೂಟು. ಮುಖ್ಯಸ್ಥರು ಕನ್ನಡಿ ಮುಂದಿನಿಂದ ಕದಲಲೇ ಒಲ್ಲರು.

ಮಾರ್ಕೋನಹಳ್ಳಿ ಅಣೆಕಟ್ಟಿನ ಮೇಲೆ ಕಾಲಿಟ್ಟದ್ದೇ ತಡ, ಗಾಳಿ ಪಂಚೆಯೊಳಗೆ ನುಗ್ಗಿ ಗಂಟು ಸಡಿಲವಾಯಿತು. ಪಾಪ, ಅವರು ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡು ಗಿರಗಿರ ಸುತ್ತತೊಡಗಿದರು. ಪಕ್ಕದಲ್ಲಿ ಚಿತ್ರಾನ್ನ ಬಿಚ್ಚಿ ಕೂತಿದ್ದ ಸಂಸಾರವೊಂದು ತಿನ್ನುವುದನ್ನು ಬಿಟ್ಟು ನೋಡಿತು.

“ಸಾರ್, ನಿಮ್ ಬೆಲ್ಟ್ ಕೊಡಿ, ಬೇಗ!” ಎಂದು ಡ್ರಾಯಿಂಗ್ ಮೇಷ್ಟ್ರು ಕೂಗಿದರು.

ಹಿಂದೆಮುಂದೆ ನೋಡದೆ ಬಿಚ್ಚಿಕೊಟ್ಟೆ. ಪಂಚೆ ಭದ್ರವಾಯಿತು. ಹಿಂದಿನ ತಿಂಗಳಷ್ಟೇ ಟೈಫಾಯ್ಡ್ ಆಗಿ ನಾನು ಅರ್ಧಕ್ಕರ್ಧ ಇಳಿದುಹೋಗಿದ್ದೆನೆಂಬುದು ನೆನಪಾದದ್ದು ನನ್ನ ಪ್ಯಾಂಟು ಜಾರತೊಡಗಿದಾಗಲೇ. ಎರಡೂ ಜೇಬಿಗೆ ಕೈ ತೂರಿಸಿ ಒಳಗಿನಿಂದಲೇ ಹಿಡಿದುಕೊಂಡೆ.

ಚಿತ್ರಾನ್ನದ ಸಂಸಾರಕ್ಕೆ ಅತಿಥಿಗಳ ಜೊತೆ ಫೋಟೋ ಬೇಕಾಯಿತು. ಮುಖ್ಯಸ್ಥರು ಎಲ್ಲರಿಗೂ ಬಾಗಿ ಬಾಗಿ ಕೈಮುಗಿದರು. ಆ ಮನೆಯ ಅಜ್ಜಿ ನನ್ನತ್ತ ತಿರುಗಿದಳು.

“ಅಷ್ಟ್ ದೂರದಿಂದ ಬಂದೋರೇ ಕೈ ಮುಗೀತಾವ್ರೆ. ನೀನೇನ್ಲಾ, ದೊರೆ ಮಗನಂಗೆ ಜೇಬ್ನಾಗ್ ಕೈ ಇಟ್ಕಂಡ್ ನಿಂತಿದೀಯ? ತೆಗಿಯೋ!”

“ತೆಗೆಯಂಗಿಲ್ಲ ಅಜ್ಜಿ,” ಅಂದೆ.

“ಓದ್ದೋರ್ ಕೊಬ್ಬು ಬುಡು,” ಎಂದು ಅಜ್ಜಿ ಮುಖ ತಿರುಗಿಸಿದಳು.

ವ್ಯಾನಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಪಿಸುಗುಟ್ಟಿದರು: “ವಾಪಸ್ ಕೇಳ್ಬಿಡಿ ಸಾರ್.” ಮುಖ್ಯಸ್ಥರ ಸ್ವಂತ ಪ್ಯಾಂಟು ಚೀಲದಲ್ಲೇ ಇತ್ತು, ಅದಕ್ಕೆ ಬೆಲ್ಟಿರಲಿಲ್ಲ. ಆದರೆ ಅವರು ಪಂಚೆ ಬಿಡುವ ಮನಸ್ಸಿನಲ್ಲಿರಲಿಲ್ಲ. ಸಂಜೆಯ ಸಭೆಗೂ ಹೀಗೇ ಬರುತ್ತೇನೆಂದು ಹೇಳಿ, ಬೆಲ್ಟು ಸವರುತ್ತಾ ನನಗೆ ಥ್ಯಾಂಕ್ಸ್ ಹೇಳಿದರು. ಆ ಮುಖ ನೋಡಿ ಇರಲಿ ಬಿಡಿ ಅಂದುಬಿಟ್ಟೆ. ತಡವಾಗಿದ್ದರಿಂದ ಮನೆಗೆ ಹೋಗಿ ಬರಲೂ ಆಗದೆ ನೇರ ಸಭೆಗೇ ಹೋದೆವು.

ವೇದಿಕೆಯ ಮೇಲೆ ಕೂತಿರುವವರೆಗೆ ಕ್ಷೇಮವಾಗಿದ್ದೆ. ಮುಖ್ಯಸ್ಥರು ತಮ್ಮ ಭಾಷಣದಲ್ಲಿ ಪಂಚೆಯನ್ನು ಹೊಗಳಿದರು, ಗಾಳಿಯನ್ನೂ ಹೊಗಳಿದರು. ಆಮೇಲೆ ನನ್ನನ್ನು ಮುಂದೆ ಕರೆದು, ತಮ್ಮ ಶಾಲೆಯ ಮಕ್ಕಳು ಮಾಡಿದ ದೊಡ್ಡದೊಂದು ಮರದ ಹಡಗನ್ನು ನೆನಪಿನ ಕಾಣಿಕೆಯಾಗಿ ಕೊಡಲು ಎತ್ತಿ ಹಿಡಿದರು. ಅದನ್ನು ಒಂದು ಕೈಯಲ್ಲಿ ಹಿಡಿಯುವಂತಿರಲಿಲ್ಲ.

ನಾನು ಜೇಬಿನಲ್ಲಿ ಕೈ ಇಟ್ಟುಕೊಂಡೇ ಎದ್ದು ಮುಂದೆ ಬಂದೆ. ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು ಮೆಟ್ಟಿಲು ಹಾರಿ ಬಂದು, ಜೀವದ ಗೆಳೆಯನಂತೆ ಹಿಂದಿನಿಂದ ನನ್ನ ಸೊಂಟ ಬಳಸಿ, ಪ್ಯಾಂಟಿನ ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. “ಈಗ ತಗೊಳಿ, ನಾನ್ ಇದೀನಿ,” ಎಂದು ಕಿವಿಯಲ್ಲಿ ಹೇಳಿದರು. ತಗೊಂಡೆ. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷತೆ ವಹಿಸಿದ್ದ ಸಾಹೇಬರಂತೂ, ಸಹೋದ್ಯೋಗಿಗಳ ನಡುವೆ ಇಂಥ ಪ್ರೀತಿ ಎಲ್ಲ ಶಾಲೆಗಳಲ್ಲೂ ಬೆಳೆಯಲಿ ಎಂದು ಮೈಕಿನಲ್ಲೇ ಹಾರೈಸಿದರು.

ಸಭೆ ಮುಗಿದ ಮೇಲೆ ನಾವಿಬ್ಬರೂ ಹಡಗಿನ ಸಮೇತ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. ಸಾಹೇಬರ ಮಾತನ್ನು ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎದುರಿಗೆ ಕೂತಿದ್ದವರು ಕಾಫಿ ಲೋಟ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದರು.